ಅಂಗೈ ಅಗಲದ ಗುಳಿ

ಬ್ರೇಕ್ ಲೈಟು, ಮುಂದೆ ಮತ್ತೆ ಬ್ರೇಕ್ ಲೈಟು, ಫೋರ್ಟ್ ಲೀಯ ಮನೆಗೆ ಇನ್ನೂ ನಲವತ್ತು ನಿಮಿಷ ಅನ್ನುತ್ತಿದೆ ಫೋನು, ಸ್ಟೀರಿಂಗ್ ಹಿಡಿದ ಬೆರಳಸಂದಿಯಲ್ಲಿ ಸುಣ್ಣ, ಎಷ್ಟು ತೊಳೆದರೂ ಹೋಗದು, ಇರಲಿ ಬಿಡು ಜಗದೀಶ, ನಿನಗೆ ಹಾಗೇ ಆಗಬೇಕು — ಎಂಟುನೂರು ವರ್ಷದ ಗೋಡೆ, ಫ್ರಾನ್ಸಿನ ಯಾವುದೋ ಹಳ್ಳಿಯ ಚರ್ಚು, ನೂರು ವರ್ಷದ ಹಿಂದೆ ಒಬ್ಬ ಶ್ರೀಮಂತ ಕಲ್ಲುಕಲ್ಲಿಗೂ ನಂಬರ್ ಹಾಕಿಸಿ ಹಡಗಿನಲ್ಲಿ ತರಿಸಿ ಈ ನ್ಯೂಜೆರ್ಸಿಯ ಜೋಳದ ಹೊಲಗಳ ನಡುವೆ ಮತ್ತೆ ಕಟ್ಟಿಸಿದ, ಸಮುದ್ರ ದಾಟುವಾಗಲೂ ಅದಕ್ಕೆ ಏನೂ ಆಗಲಿಲ್ಲ, ಆಗಿದ್ದು ನನ್ನ ಕೈಯಲ್ಲಿ. ಬಾಗಿಲ ಎಡಕ್ಕೆ, ಎದೆಮಟ್ಟದ ಕಲ್ಲಿನಲ್ಲಿ ಅಂಗೈ ಅಗಲದ ಗುಳಿ, ಜಿಡ್ಡು ಹಿಡಿದು ಕಪ್ಪಗೆ, ನುಣ್ಣಗೆ, ಸವೆತ, ತುಂಬಬೇಕು, ಎಂದು ರಿಪೋರ್ಟಿನಲ್ಲಿ ಬರೆದವನು ನಾನೇ, ಹದಿನೈದು ವರ್ಷದಿಂದ ಹಳೇ ಕಟ್ಟಡ ರಿಪೇರಿ ಮಾಡಿಯೇ ಹೊಟ್ಟೆ ಹೊರೆಯುವ ಮಹಾ ಎಂಜಿನಿಯರ್. ಮಾರ್ಗರೆಟ್ ಆಂಟಿ ಹೇಳಿರಲಿಲ್ಲವೇ, ಹೇಳಿದ್ದರು, ಹಾಸನದ ಕಡೆಯವರು, ರಿಟೈರ್ಡ್ ನರ್ಸು, ಕಣ್ಣು ಹೋಗಿ ಆರು ವರ್ಷ, ಫೋನ್ ಮಾಡಿ, ಬಾಗಿಲ ಪಕ್ಕದ ಗುಳಿ ಮಾತ್ರ ಮುಚ್ಚಬೇಡ ಕಣಪ್ಪ, ನಮ್ಮನೆಯವರು ನನ್ನ ಕೈ ಹಿಡ್ಕೊಂಡು ಅದರೊಳಗೆ ಇಡೋರು, ಇಲ್ಲಿಂದ ಮೂರು ಮೆಟ್ಲು ಕೆಳಗೆ ಮಾರ್ಗಿ, ಹುಷಾರು ಅನ್ನೋರು, ಅವರು ಹೋದ್ಮೇಲೂ ಅಲ್ಲಿ ಕೈ ಇಟ್ರೆ ಅವರ ಕೈ ಸಿಕ್ಕಂಗಾಗುತ್ತೆ, ಆಯ್ತು ಆಂಟಿ, ಆಯ್ತಾಯ್ತು ಅಂದೆ, ಇನ್ನೊಂದು ಕಿವಿಯಲ್ಲಿ ಆಫೀಸಿನ ಮೀಟಿಂಗು, ದೊಡ್ಡವರು ಏನೇ ಹೇಳಲಿ ಕೇಳಿಸಿಕೊಳ್ಳದೆಯೇ ಆಯ್ತು ಅಂದುಬಿಡುವುದು, ಅಮ್ಮನಿಗೂ ಹಾಗೇ ಅನ್ನುತ್ತಲೇ ಬೆಳೆದವನು.

ಗಾರೆ ಕಚ್ಚಿಕೊಳ್ಳಲೆಂದು ಆ ನುಣುಪನ್ನೆಲ್ಲ ಉಳಿಯಿಂದ ಕೊಚ್ಚಿ ಒರಟು ಮಾಡಿದೆ, ಛೇ, ಈಗ ಗಾರೆ ಕಿತ್ತರೂ ಒಳಗೆ ಸಿಗುವುದು ನನ್ನ ಉಳಿಯ ಗಾಯಗಳೇ, ಎಂಟುನೂರು ವರ್ಷದ ಅಂಗೈಗಳು ಹೋದವು. ಹೋದ ಶನಿವಾರವಷ್ಟೇ ಬ್ರಿಡ್ಜ್‌ವಾಟರ್ ದೇವಸ್ಥಾನದಲ್ಲಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡೆನಲ್ಲ, ಕಲ್ಲು ಯಾತಕ್ಕೆ ಸವೆಯುತ್ತದೆಂದು ನನಗೆ ಗೊತ್ತಿರಲಿಲ್ಲವೇ, ಗೊತ್ತಿದ್ದೂ, ಥೂ — ಎಕ್ಸಿಟ್ ತಪ್ಪಿತು, ತಪ್ಪಲಿ — ರಿಪೇರಿಗೆಂದು ಒಂದು ವರ್ಷ ಮುಚ್ಚಿದ್ದ ಚರ್ಚು ಇವತ್ತು ಬೆಳಿಗ್ಗೆ ಪೂಜೆಗೆ ಬಾಗಿಲು ತೆರೆದಾಗ ಚಪ್ಪಾಳೆ, ಬ್ಯೂಟಿಫುಲ್ ವರ್ಕ್, ಆಂಟಿ ನಗುತ್ತಲೇ ಬಂದರು, ಯಾರ ತೋಳೂ ಬೇಡ ಅಂದರು, ಎಡಗೈ ಚಾಚಿದರು, ಕೈ ಗೋಡೆಯ ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು, ಇಲ್ಲೇ ಇತ್ತಲ್ಲಪ್ಪಾ, ನಾನೇ ತಪ್ಪು ಜಾಗದಲ್ಲಿ ನಿಂತಿದೀನೇನೋ, ಜಗದೀಶಾ, ಸ್ವಲ್ಪ ಸರಿಯಾದ ಜಾಗಕ್ಕೆ ನಿಲ್ಸಪ್ಪ ನನ್ನ, ಆಯ್ತು ಆಂಟಿ ಅಂದೆ, ಅಯ್ಯೋ, ಆಗಲೂ ಆಯ್ತು ಅಂದೆ, ಅಂದು ಅಲ್ಲೇ ನಿಂತೆ, ಆ ಕೈ, ಉಂಗುರ ಸಡಿಲವಾದ ಆ ಕೈ, ಸಪಾಟು ಗೋಡೆಯ ಮೇಲೆ ಮೇಲಕ್ಕೆ, ಕೆಳಕ್ಕೆ, ಮತ್ತೆ ಮೇಲಕ್ಕೆ