ದಾರ್ಕೊವಾಳ ಕೈಗಳು

ಕಂಪ್ಯೂಟರಿನ ನಾಲ್ಕನೆಯ ಮೆಮೊರಿ ಪಟ್ಟಿಯನ್ನು ಅರಬಾ ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಉಳಿದ ಮೂರರ ಚೀಟಿಯ ಕೊನೆಯಲ್ಲಿ 'ಆರ್' ಎಂದಿತ್ತು. ಇದರಲ್ಲಿ 'ಇ'.

"ಸ್ಲಾಟಲ್ಲಿ ಸರಿಯಾಗಿ ಕೂತ್ಕೊಳ್ತಲ್ಲ ಅತ್ತಿಗೆ, ಸ್ವಿಚ್ ಹಾಕಿ," ಎಂದ ಮೈದುನ ಎಬೋ. ರಾಜಧಾನಿ ಅಕ್ರಾದ ಹಳೇ ಸಾಮಾನಿನ ಪೇಟೆಯಿಂದ ಸರ್ವರ್ ಬೋರ್ಡನ್ನೂ ಮೆಮೊರಿಯನ್ನೂ ತಂದವನು ಅವನೇ.

"ಪಕ್ಕಪಕ್ಕ ಕೂತ್ಕೊಂಡ್ರೆ ಹೊಂದಾಣಿಕೆ ಆಗ್ಬಿಡುತ್ತಾ? ನಿನ್ನ ಮದುವೇನೇ ನೋಡು."

ಎಬೋ ನಕ್ಕ. ಅರಬಾಳಿಗೆ ನಗು ಬರಲಿಲ್ಲ. ಈ ಬೋರ್ಡು 'ಆರ್', 'ಇ' ಎರಡು ಜಾತಿಯ ಮೆಮೊರಿಯನ್ನೂ ಒಪ್ಪುತ್ತದೆ, ಆದರೆ ಬೆರೆಸಿದರೆ ಯಂತ್ರ ಏಳುವುದೇ ಇಲ್ಲ.

ಅವಳು ಕೊಫೊರಿಡುವಾ ಪಟ್ಟಣದ ಕಿವುಡರ ಶಾಲೆಯ ಟೀಚರು. ಬೆಟ್ಟದ ಮೇಲಿನ ಹಳ್ಳಿಯೊಂದರ ಕಿವುಡರಿಗೆ ಅಜ್ಜ ಮುತ್ತಜ್ಜರ ಕಾಲದಿಂದ ಬಂದ ತಮ್ಮದೇ ಕೈಭಾಷೆಯಿತ್ತು. ಬಲ್ಲವರು ಒಬ್ಬೊಬ್ಬರಾಗಿ ಸಾಯುತ್ತಿದ್ದರು. ವರ್ಷಗಟ್ಟಲೆ ಅವರ ಮಾತನ್ನು ಚಿತ್ರೀಕರಿಸಿ, ಹಿಂದಿನ ಕೋಣೆಯಲ್ಲಿ ತಾನೇ ಕಟ್ಟಿಕೊಂಡ ಯಂತ್ರದಲ್ಲಿ ಕೂಡಿಟ್ಟಿದ್ದಳು. ಹೋಗಿದ್ದ ಕರೆಂಟು ರಭಸದಿಂದ ವಾಪಸು ಬಂದ ದಿನ ಹಳೆಯ ಬೋರ್ಡು ಸುಟ್ಟಿತು. ಚಿತ್ರಗಳಿದ್ದ ಡಿಸ್ಕುಗಳೂ ಸತ್ತಿವೆಯೋ ಏನೋ, ಯಂತ್ರ ಎದ್ದರೆ ಮಾತ್ರ ಗೊತ್ತು. ಯಂತ್ರದ ಹೊರಗೆ ಬೇರೆ ಪ್ರತಿ ಇರಲಿಲ್ಲ. ಆ ಕಿವುಡರಲ್ಲೆಲ್ಲ ಚೆಂದ ಕೈಮಾತಾಡುತ್ತಿದ್ದ ದಾರ್ಕೊವಾಳನ್ನು ಮಣ್ಣು ಮಾಡಿ ಇನ್ನೂ ತಿಂಗಳಾಗಿರಲಿಲ್ಲ.

'ಇ' ಪಟ್ಟಿಯನ್ನು ಬದಿಗಿಟ್ಟಳು. ಮೂರನೆಯದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಕಂದು ಕಲೆ. ಸುಟ್ಟದ್ದೋ ಕೊಳೆಯೋ ತಿಳಿಯದೆ ಅದನ್ನೂ ಬಿಟ್ಟಳು. ಉಳಿದದ್ದು ಎರಡು. ಕೈಪಿಡಿ ತೋರಿಸಿದ ಜಾಗಕ್ಕೆ ಅವನ್ನು ಒತ್ತುವಾಗ ಬಾಗಿಲಲ್ಲಿ ನೆರಳು ಬಿತ್ತು. ದಾರ್ಕೊವಾಳ ತಂಗಿ, ಮುದುಕಿ ಒಫೊರಿವಾ. ಚಿತ್ರದಲ್ಲಾದರೂ ಅಕ್ಕನನ್ನು ನೋಡಬೇಕೆಂದು ವ್ಯಾನು ಹತ್ತಿ ಬೆಟ್ಟ ಇಳಿದು ಬಂದಿದ್ದಳು.

ಕೂತುಕೊಳ್ಳಿ, ಈಗ ತೋರಿಸುತ್ತೇನೆ ಎಂದು ಅರಬಾ ಸನ್ನೆ ಮಾಡಿದಳು. ಒಂದು ಸನ್ನೆ ತಪ್ಪಿತು, ಮತ್ತೆ ಮಾಡಿದಳು.

"ನಿನ್ನ ಕೈ ಯಾಕೆ ತೊದಲ್ತಿದೆ ಮಗಳೇ?" ಮುದುಕಿಯ ಕೈಗಳು ಕೇಳಿದವು.

ಸುಳ್ಳು ಹೇಳಬಹುದಿತ್ತು. ಆ ಕಣ್ಣುಗಳ ಮುಂದೆ ಆಗಲಿಲ್ಲ. "ಯಂತ್ರ ಸುಟ್ಟೋಯ್ತು ಅಮ್ಮ. ನಿಮ್ಮಕ್ಕ ಅದರೊಳಗೆ ಉಳಿದಿದಾಳೋ ಇಲ್ವೋ ಗೊತ್ತಿಲ್ಲ. ಸ್ವಿಚ್ ಹಾಕೋಕೆ ಹೆದರಿಕೆ ಆಗ್ತಿದೆ."

ಒಫೊರಿವಾ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. "ಹೆದರ್ಕೊಂಡೇ ಹಾಕು."

ಅರಬಾ ಸ್ವಿಚ್ ಹಾಕಿದಳು. ಯಂತ್ರದ ಫ್ಯಾನುಗಳು ಭೋರ್ಗರೆದವು. ಪರದೆ ಕಪ್ಪಾಗಿಯೇ ಇತ್ತು. ಇಂಥ ಬೋರ್ಡು ಮೆಮೊರಿಯನ್ನು ನಿಧಾನವಾಗಿ ಪರೀಕ್ಷಿಸುತ್ತದೆಂದು ಅರಬಾಳಿಗೆ ಗೊತ್ತಿತ್ತು, ಆದರೆ ಗೊತ್ತಿದ್ದದ್ದು ಭಯಕ್ಕೆ ಮದ್ದಾಗಲಿಲ್ಲ. ಫ್ಯಾನುಗಳು ತಟಕ್ಕನೆ ನಿಂತವು, ಮತ್ತೆ ಶುರುವಾದವು. ವೈರು ಕೀಳಲು ಅರಬಾ ಕೈ ಚಾಚಿದಳು. ಮುದುಕಿ ಆ ಮಣಿಕಟ್ಟನ್ನು ಹಿಡಿದುಕೊಂಡಳು.

ಬಿಳಿ ಅಕ್ಷರಗಳ ಸಾಲೊಂದು ಮೂಡಿತು. ಮೆಮೊರಿ ಎರಡೂ ಕಂಡವು. ಡಿಸ್ಕುಗಳು ಒಂದೊಂದಾಗಿ ಎದ್ದವು. ಒಂದು ಮಾತ್ರ ಏಳಲಿಲ್ಲ. ಚಿತ್ರಗಳನ್ನು ಡಿಸ್ಕುಗಳಿಗೆ ಹಂಚಿಟ್ಟಿದ್ದ ರೀತಿಯಲ್ಲಿ ಒಂದು ಸತ್ತರೂ ಉಳಿದವು ಸಾಕು. ಅರಬಾ ದಾರ್ಕೊವಾಳ ಚಿತ್ರವನ್ನು ಹಾಕಿದಳು.

ಪರದೆಯಲ್ಲಿ ದಾರ್ಕೊವಾ ಕೋಕೋ ಒಣಗಿಸುವ ಚಾಪೆಯ ಪಕ್ಕ ಕೂತಿದ್ದಳು. "ನನ್ನ ತಂಗಿಗೆ ತಾಳೆಹಣ್ಣಿನ ಸಾರಿಗೆ ಉಪ್ಪೆಷ್ಟು ಅಂತ ಇವತ್ತಿಗೂ ಗೊತ್ತಿಲ್ಲ," ಎನ್ನುತ್ತಿದ್ದವು ಅವಳ ಕೈಗಳು.

ಒಫೊರಿವಾಳ ಕೈಗಳು ಮೇಲೆದ್ದು, ಬಿರುಸಾಗಿ ವಾದಕ್ಕೆ ಇಳಿದವು. ಏನಂತೆ ಎಂದು ಎಬೋ ಕೇಳಿದ. ಅರಬಾ ಪರದೆಯತ್ತ ಬೆರಳು ತೋರಿಸಿದಳು. ಪರದೆಯಲ್ಲಿ ಅಕ್ಕ ಇನ್ನೂ ಮಾತು ಮುಗಿಸಿರಲಿಲ್ಲ. ತಂಗಿ ತನ್ನ ಕೈಗಳನ್ನು ಗಾಳಿಯಲ್ಲೇ ಹಿಡಿದು, ತನ್ನ ಸರದಿಗಾಗಿ ಕಾದಳು.