ಕೀಸುಳಿಯ ಅಲಗು

ಗಂಡನ ಮಣ್ಣಿಗೆ ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಅಡುಗೆಮನೆಯ ಬಾಗಿಲು ಎಂದಿನಂತೆ ಚೌಕಟ್ಟಿಗೆ ಕಚ್ಚಿಕೊಂಡಿತು. ಅವಳು ಭುಜ ಕೊಟ್ಟು ತಳ್ಳಿದಳು. ಹಾಲಿಟ್ಟಳು, ಇಳಿಸಿದಳು, ಮತ್ತೆ ಇಟ್ಟಳು. ಕೈ ಒಂದು ಕಡೆ ನಿಲ್ಲುತ್ತಿರಲಿಲ್ಲ. ಅಳು ಮಾತ್ರ ಬರುತ್ತಿರಲಿಲ್ಲ.

ಕಪಾಟಿನಲ್ಲಿ, ಅವನ ಸ್ವೆಟರಿನ ಕೆಳಗೆ, ಕೀಸುಳಿ ಸಿಕ್ಕಿತು. ಆ ಬಾಗಿಲ ಅಂಚು ಕೀಸಲೆಂದು ಬಡಗಿಯ ಹತ್ತಿರ ಕೇಳಿ ತಂದದ್ದು. "ಅಲ್ಲಿ ಮೊಳೆ ಇದೆ, ನೋಡ್ಕೊಳ್ಳಿ" ಎಂದು ಅವಳು ಮುಗಿಸುವಷ್ಟರಲ್ಲಿ ಕರ್ರೆಂದಿತ್ತು. ಅಲಗು ಮುಕ್ಕಾಗಿತ್ತು. ಆಮೇಲೆ ಒಂದು ತಿಂಗಳು ಅವನು ಬಡಗಿಯ ಅಂಗಡಿ ತಪ್ಪಿಸಿ, ಹಿಂದಿನ ರಸ್ತೆಯಲ್ಲೇ ಆಫೀಸಿಗೆ ಹೋಗಿಬಂದ. "ನಾಳೆ ಹೇಳ್ತೀನಿ ಕಣೇ" ಎನ್ನುತ್ತಿದ್ದ.

ಕೊಟ್ಟು ಬರುತ್ತೇನೆಂದಾಗ, "ಕೇಳಿದಾಗ ಕೊಟ್ಟರಾಯ್ತು," ಎಂದರು, ಬಂದವರಲ್ಲಿ ಒಬ್ಬರೇ ಉಳಿದುಕೊಂಡಿದ್ದ ಭಾವ. "ನೀನೇ ಹೋಗಿ ಹಾಳು ಮಾಡಿದ್ದಾರೆ ಅನ್ನೋದಾ? ಎಲ್ಲರೂ ಎಂಥಾ ಮರ್ಯಾದಸ್ಥ ಅಂತಿದಾರೆ. ಹೋದವನ ಮಾನ ಬೀದಿಗೆ ಹಾಕ್ಬೇಡಮ್ಮ."

ಒಂದು ವಾರದಿಂದ ಇದೇ ಮಾತು. ಗಂಭೀರ, ಸಜ್ಜನ, ಯಾರ ತಂಟೆಗೂ ಹೋಗದವನು. ಅವರು ಗೌರವ ಕೊಟ್ಟಷ್ಟೂ ಅವನು ಅವಳ ಕೈತಪ್ಪಿ ಗೋಡೆಯ ಫೋಟೋದೊಳಗೆ ಸೇರಿಕೊಳ್ಳುತ್ತಿದ್ದ. ಬಡಗಿಗೆ ಹೆದರಿ ಸುತ್ತುಹಾಕಿ ನಡೆದ ಗಂಡ ಯಾರ ಬಾಯಲ್ಲೂ ಇರಲಿಲ್ಲ. ಅವಳು ಕೀಸುಳಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಚಪ್ಪಲಿ ಮೆಟ್ಟಿದಳು.

ಬಡಗಿ ಉಪ್ಪುಕಾಗದ ಹಿಡಿದು ಮೇಜಿನ ಅಂಚು ಉಜ್ಜುತ್ತಿದ್ದ. ಅವಳನ್ನು ಕಂಡು ಎದ್ದ; ಹೊಟ್ಟು ಕೊಡವಿ ಸ್ಟೂಲ್ ಇಟ್ಟ.

"ಕೇಳೋಕೆ ಬರಬಹುದಿತ್ತಲ್ಲ?" ಎನ್ನುತ್ತಾ ಅವಳು ಗಂಟು ಚಾಚಿದಳು.

"ಸಾವಾದ ಮನೆಗೆ ಬಂದು ಕೀಸುಳಿ ಕೇಳೋದಾ ತಾಯಿ? ನಾನೇನು ಮನುಷ್ಯನಲ್ವಾ?"

ಸುತ್ತಿದ ಬಟ್ಟೆ ಬಿಚ್ಚಿ ಅಲಗಿನ ಮೇಲೆ ಹೆಬ್ಬೆರಳು ಆಡಿಸಿದ. ಬೆರಳು ಒಂದು ಕಡೆ ತಡೆದು ನಿಂತಿತು.

"ಚೆನ್ನಾಗೇ ಇದೆ," ಎಂದ. "ಜೋಪಾನವಾಗಿ ಇಟ್ಕೊಂಡಿದ್ರು ಸಾಹೇಬ್ರು. ದೊಡ್ಡ ಮನುಷ್ಯ."

ತಲೆಯಾಡಿಸಿ ಬಂದುಬಿಡಬಹುದಿತ್ತು.

"ಮೊಳೆ ಮೇಲೆ ಎಳೆದ್ರು. ಆಮೇಲೆ ನಿಮಗೆ ಹೆದರ್ಕೊಂಡು ಹಿಂದಿನ ರಸ್ತೇಲಿ ಓಡಾಡ್ತಿದ್ರು," ಎಂದಳು.

ಬಡಗಿ ಅವಳ ಮುಖ ನೋಡಿದ. ಅವನ ತುಟಿಯಂಚು ತಡೆಯಲಾರದೆ ಅಲುಗಿತು.

"ಗೊತ್ತು ತಾಯಿ. ಒಂದಿನ ನಾನೇ ಎದುರಾದೆ. ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದ್ರು. ಮಳೆ ಇರ್ಲಿಲ್ಲ, ಬಿಸಿಲೂ ಇರ್ಲಿಲ್ಲ."

ಅವಳ ಗಂಟಲಿನಿಂದ ನಗುವಿನಂಥದ್ದೇನೋ ಹೊರಬಿತ್ತು. ಅರ್ಧದಲ್ಲೇ ಅದರ ದನಿ ಬದಲಾಯಿತು. ಬಡಗಿ ಬೆನ್ನು ತಿರುಗಿಸಿ, ಹಲಗೆಗಳ ಸಂದಿಯಲ್ಲಿ ಬಹಳ ಹೊತ್ತು ಏನನ್ನೋ ಹುಡುಕಿದ.

ಅವಳು ಎದ್ದು ಹೊರಟು ತಿರುವು ದಾಟುವವರೆಗೂ ಅಂಗಡಿಯಿಂದ ಸದ್ದು ಬರಲಿಲ್ಲ. ಆಮೇಲೆ ಸಾಣೆಕಲ್ಲಿನ ಮೇಲೆ ಅಲಗು ಉಜ್ಜುವುದು ಕೇಳಿಸತೊಡಗಿತು.