ಕುರಕುಂಭದ ಎರಡು ಲೈನು

ಕುರ್ಚಿಯಲ್ಲಿ ಕೂರಿಸಿದ್ದ ಶೈಲಾಳ ತಲೆ ಮತ್ತೆ ಪಕ್ಕಕ್ಕೆ ವಾಲಿತು. ಅತ್ತೆ ಸಾವಂತ್ರವ್ವ ಗದ್ದ ಎತ್ತಿ ಹಿಡಿದಳು. ಸ್ನೇಹಲ್ ಬಿಳಿ ಬಟ್ಟೆಯ ಪಟ್ಟಿಯನ್ನು ಹಣೆಯ ಸುತ್ತ ತಂದು ಕುರ್ಚಿಯ ಬೆನ್ನಿಗೆ ಕಟ್ಟಿದಳು.

“ಬಿಗಿ ಮಾಡಬ್ಯಾಡ ತಂಗಿ. ಮೊದಲ ಆಕಿಗೆ ತಲಿ ನೋವು.”

ಸ್ನೇಹಲ್ ಗಂಟು ಸಡಿಲಿಸಿದಳು. ನಿನ್ನೆ ಸಂಜೆ ರೊಟ್ಟಿ ಬಡಿಯುತ್ತಿದ್ದ ಶೈಲಾ ಎದೆ ಹಿಡಿದುಕೊಂಡು ಕುಸಿದಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಶೈಲಾ, ಸ್ನೇಹಲ್ ಇಬ್ಬರೂ ಒಂದೇ ಕಂಪನಿಯವರು. ಕಾರ್ಖಾನೆಗಳನ್ನು ಅವುಗಳ ಕಚೇರಿಗಳಿಗೆ ಜೋಡಿಸುವ ಕ್ಯಾರಿಯರ್ ಈಥರ್ನೆಟ್ ಎಂಬ ಡೇಟಾ ಲೈನುಗಳು ಕಡಿಯದಂತೆ ನೋಡಿಕೊಳ್ಳುವುದು ಅವರ ಕೆಲಸ. ಹಬ್ಬದ ದಿನವೂ ಶೈಲಾ ಒಂದು ಕೈಯಲ್ಲಿ ಹೋಳಿಗೆ ತಿರುವುತ್ತ, ಇನ್ನೊಂದರಲ್ಲಿ ಫೋನ್ ಹಿಡಿದು ನಿಂತಿರುತ್ತಿದ್ದಳು. ಲೈನು ಮರಳಿ ಬಂದರೆ ಪಕ್ಕದ ಮನೆಗೂ ಕೇಳುವಂತೆ ನಗುತ್ತಿದ್ದಳು.

ಮ್ಯಾನೇಜರ್ ಪೃಥ್ವಿರಾಜ್ ಹಾರ ಹಾಕಿ ಕೈಮುಗಿದು, ಸ್ನೇಹಲ್‌ಳನ್ನು ಬಾಗಿಲಾಚೆ ಕರೆದ.

“ಶೈಲಾ ಕುರಕುಂಭದ ಕಾರ್ಖಾನೆಯವರಿಗೆ ಏನಾದ್ರೂ ಹೇಳಿದ್ರಾ?”

“ನನಗ ಗೊತ್ತಿಲ್ರಿ.”

“ನೀವೂ ಹೇಳೋದು ಬೇಡ.”

*

ಹೋದ ವಾರ ಇಬ್ಬರೂ ಪುಣೆ ಜಿಲ್ಲೆಯ ಕುರಕುಂಭದ ದಾರಿಯ ಸೇತುವೆಯ ಬಳಿ ಇಳಿದಿದ್ದರು. ಅಲ್ಲಿಯ ರಾಸಾಯನಿಕ ಕಾರ್ಖಾನೆಗೆ ಎರಡು ಲೈನು. ಒಂದು ಕಡಿದರೆ ಇನ್ನೊಂದಿರಲಿ ಎಂದು ಎರಡನ್ನೂ ಬೇರೆ ಬೇರೆ ದಾರಿಯಲ್ಲಿ ಹಾಕಿದ್ದೇವೆಂದು ಕಂಪನಿ ಮಾತು ಕೊಟ್ಟಿತ್ತು. ರಸ್ತೆ ಅಗಲ ಮಾಡುವವರು ತೆಗೆದ ಗುಂಡಿಯಲ್ಲಿ ಆ ಎರಡೂ ಕೇಬಲ್ ಒಂದಕ್ಕೊಂದು ಆತುಕೊಂಡು ಮಲಗಿದ್ದವು.

ಶೈಲಾ ಕುಕ್ಕರಗಾಲಲ್ಲಿ ಕೂತು ಮಣ್ಣು ಸರಿಸಿದಳು.

“ಒಂದ ಏಟಿಗೆ ಎರಡೂ ಹೋಗ್ತಾವ. ಅಲ್ಲಿ ಟ್ಯಾಂಕಿನ ಗ್ಯಾಸ್ ಸೋರಿದ್ರ, ಅವರ ಪುಣೆ ಆಫೀಸಿನ್ಯಾಗ ಕುಂತವರು ಪರದೆ ನೋಡಿ ಹೇಳಬೇಕು. ಲೈನ ಇಲ್ಲಂದ್ರ ಏನ್ ನೋಡ್ತಾರ?”

“ಸರ್‌ಗೆ ಹೇಳೂಣಕ್ಕಾ.”

“ಹೇಳೇನಿ. ಮುಂದಿನ ವರ್ಷ ನೋಡೂಣು ಅಂದ್ರು.” ಅವಳು ಕೈ ಕೊಡವಿಕೊಂಡು ಎದ್ದಳು. “ಸೋಮವಾರ ನಾನ ಹೋಗಿ ಮನೋಹರ ಅವರಿಗೆ ತಿಳಿಸಿ ಬರ್ತೀನಿ.”

ಮನೋಹರ ಆ ಕಾರ್ಖಾನೆಯ ಸುರಕ್ಷತಾ ಅಧಿಕಾರಿ, ವಿಜಾಪುರ ಕಡೆಯವನು.

ಆ ಸೋಮವಾರವೇ ಅವಳ ಮಣ್ಣು.

*

ಶೈಲಾಳನ್ನು ಕುಣಿಯಲ್ಲಿ ಇಳಿಸಿ ಕೂರಿಸಿದಾಗ ಸ್ನೇಹಲ್‌ಳ ಫೋನಿಗೆ ಕಚೇರಿಯ ಸಂದೇಶ ಬಂತು. ಕುರಕುಂಭದ ಎರಡೂ ಲೈನು ಬೆಳಗಿನಿಂದ ಬಂದ್. ಅವಳು ಪೃಥ್ವಿರಾಜನ ಮುಖ ನೋಡಿದಳು. ಅವನಿಗೆ ಮೊದಲೇ ಗೊತ್ತಿತ್ತು.

“ಜನ ಕಳಿಸಿದ್ದೇನೆ. ಮಧ್ಯಾಹ್ನದೊಳಗೆ ಸರಿಯಾಗ್ತದೆ. ಸುಮ್ಮನಿರಿ.”

ಮೊದಲ ಮಣ್ಣು ಹಾಕಲು ಬಗ್ಗಿದ್ದ ಶೈಲಾಳ ಗಂಡ ಶಿವರಾಜ ಮುಷ್ಟಿ ಹಿಡಿದೇ ತಿರುಗಿದ.

“ಏನದು?”

ಸ್ನೇಹಲ್ ಎಲ್ಲವನ್ನೂ ಹೇಳಿದಳು. ಅವನು ಕುಣಿಯೊಳಗೆ ನೋಡುತ್ತ ಕೇಳಿಸಿಕೊಂಡ.

“ವಾರ ಆತು, ಆಕಿಗೆ ನಿದ್ದಿ ಇರಲಿಲ್ಲ. ಕೇಳಿದ್ರ ಆಫೀಸಿಂದು ಅಂತಿದ್ಲು. ಹಚ್ಚವ್ವಾ ಮನೋಹರ ಅವರಿಗೆ ಫೋನು.”

“ಶಿವರಾಜ ಅವರೇ, ಇದು ಆ ಹೊತ್ತಲ್ಲ,” ಎಂದ ಪೃಥ್ವಿರಾಜ್.

“ಹಚ್ಚು.”

ಎಲ್ಲರಿಗೂ ಕೇಳುವಂತೆ ಸ್ನೇಹಲ್ ಫೋನನ್ನು ಅಂಗೈ ಮೇಲೆ ಹಿಡಿದಳು.

“ಶೈಲಾ ಮೇಡಂ ಇವತ್ತ ಬರ್ತೀನಿ ಅಂದಿದ್ರಲ್ರಿ?” ಅತ್ತಲಿಂದ ಮನೋಹರನ ದನಿ.

“ಅವರು ತೀರಿಕೊಂಡ್ರು ಸರ್. ನಿಮ್ಮ ಎರಡೂ ಲೈನ್ ಮುಂಜಾನಿಂದ ಬಂದ್ ಅದಾವ್ರಿ.”

“ಅಯ್ಯೋ ದೇವರ. ಆದ್ರ ಲೈನ್ ಬಂದ್ ಆಗಿದ್ರ ಪುಣೆದವರು ತಿಳಿಸ್ತಿದ್ರು. ಮುಂಜಾನಿಂದ ಅವರದು ಏನೂ ಸುದ್ದಿಲ್ಲ. ಎಲ್ಲಾ ಶಾಂತ ಅದ.”

“ಅವರ ಪರದೆ ಮ್ಯಾಲ ಲೈನ್ ಕಡಿಯೂಕಿಂತ ಮೊದಲಿನ ಗ್ಯಾಸಿನ ಲೆಕ್ಕನ ನಿಂತಿರಬೇಕ್ರಿ. ಸೋರಿದ್ರೂ ಹಸಿರ ಕಾಣ್ತದ.”

ಅತ್ತ ಕುರ್ಚಿ ಬಿದ್ದ ಸದ್ದು, ಓಡುವ ಹೆಜ್ಜೆ. ಒಂದು ಬಾಗಿಲು ತೆರೆಯಿತು. ಯಾರೋ ಒಂದೇ ಸಮನೆ ಕೆಮ್ಮುತ್ತಿದ್ದರು. ಎಲ್ಲರೂ ಹೊರಗೆ ಬನ್ನಿ ಎಂದು ಮನೋಹರ ಮರಾಠಿಯಲ್ಲಿ ಕೂಗುವುದು ದೂರದಿಂದ ಕೇಳಿಸಿತು. ಆಮೇಲೆ ಸೈರನ್.

ಕುಣಿಯ ಸುತ್ತ ನಿಂತವರೆಲ್ಲ ಸ್ನೇಹಲ್‌ಳ ಅಂಗೈಯನ್ನೇ ನೋಡುತ್ತಿದ್ದರು. ಶಿವರಾಜನ ಮುಷ್ಟಿಯಲ್ಲಿದ್ದ ಮಣ್ಣು, ಅವನಿಗೆ ಅರಿವಿಲ್ಲದೆ, ಬೆರಳ ಸಂದಿಯಿಂದ ಶೈಲಾಳ ಮಡಿಲಿಗೆ ಸಣ್ಣಗೆ ಸುರಿಯುತ್ತಿತ್ತು.